ಮೊದಲು ಗಾಳಿಯ ದಿಕ್ಕು ನೋಡಿ: ಸ್ಕಾಟ್‌ಲೆಂಡಿನ ಈಶಾನ್ಯ ಕರಾವಳಿಯ ಹವೆ, ಓದುಗರ ಪ್ರಶ್ನೆಗಳಿಗೆ ಉತ್ತರ

ಅಬರ್ಡೀನ್‌ನಿಂದ ಉತ್ತರಕ್ಕೆ ಪೀಟರ್‌ಹೆಡ್, ಫ್ರೇಜರ್‌ಬರ್ಗ್, ಅಲ್ಲಿಂದ ಪಶ್ಚಿಮಕ್ಕೆ ಹೊರಳಿದರೆ ಮರ್ರೀ ಫರ್ತ್ ಕೊಲ್ಲಿಯ ದಂಡೆಗುಂಟ ಇನ್‌ವರ್ನೆಸ್. ಈ ಕರಾವಳಿಯಲ್ಲಿ ಓದುವ, ದುಡಿಯುವ ಕನ್ನಡಿಗರಿಂದಲೂ ಊರಿನಲ್ಲಿರುವ ಅವರ ಮನೆಯವರಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇನೆ.

ಮಗ ಅಬರ್ಡೀನ್‌ನಲ್ಲಿ ಓದುತ್ತಿದ್ದಾನೆ. ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಅಲ್ಲಿಯ ಹವಾಮಾನ ನೋಡುತ್ತೇನೆ. ಏಳು ದಿನಕ್ಕೂ ಮೋಡ, ಮಳೆಹನಿ, ಪಕ್ಕದಲ್ಲೇ ಅರ್ಧ ಸೂರ್ಯ. ಕೆಳಗೆ ‘ತಂಪು, ಅಸ್ಥಿರ ಹವೆ’ ಎಂಬ ಒಕ್ಕಣೆ. ಅವನನ್ನು ಕೇಳಿದರೆ ‘ಇವತ್ತು ಚೆನ್ನಾಗಿತ್ತಮ್ಮ’ ಅನ್ನುತ್ತಾನೆ. ನಾನು ಯಾವುದನ್ನು ನಂಬಲಿ?
— ಒಬ್ಬ ತಾಯಿ, ಶಿರಸಿ

ಎರಡನ್ನೂ ನಂಬಿ ತಾಯಿ. ಆ ಚಿತ್ರ ಇಡೀ ದಿನದ ಮಳೆಯನ್ನು ಹೇಳುತ್ತಿಲ್ಲ, ದಿನದ ಯಾವುದೋ ಹೊತ್ತಿನಲ್ಲಿ ಮಳೆ ಬರಬಹುದು ಎಂದಷ್ಟೇ ಹೇಳುತ್ತಿದೆ. ಶಿರಸಿಯಲ್ಲಿ ಆಷಾಢದ ಮಳೆ ಹಿಡಿದರೆ ಮೂರು ದಿನ ಬಿಡುವುದಿಲ್ಲ. ಅಬರ್ಡೀನ್‌ನ ಮಳೆಯ ಸ್ವಭಾವ ಬೇರೆ. ಇಪ್ಪತ್ತು ನಿಮಿಷ ಹನಿ, ಆಮೇಲೆ ಒಂದು ಗಂಟೆ ಹೊಳವು, ಮತ್ತೆ ನಾಲ್ಕು ಹನಿ, ಸಂಜೆಗೆ ತಿಳಿ ಆಕಾಶ. ನಿಮ್ಮ ಮಗ ಹೊಳವಾದ ಹೊತ್ತನ್ನು ನೆನೆದು ಮಾತಾಡುತ್ತಾನೆ, ಮೊಬೈಲು ಹನಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ.

ಮಳೆಯ ಅಳತೆ ನೋಡಿದರೆ ನಿಮ್ಮ ಚಿಂತೆ ಅರ್ಧ ಕಡಿಮೆಯಾದೀತು. ಅಬರ್ಡೀನ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್, ಹೆಚ್ಚುಕಡಿಮೆ ಧಾರವಾಡದಷ್ಟು. ನಿಮ್ಮ ಶಿರಸಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುವುದುಂಟು. ಆದರೆ ಧಾರವಾಡಕ್ಕೆ ಮಳೆಗಾಲ ಎಂಬುದೊಂದಿದೆ, ಅಬರ್ಡೀನ್‌ಗೆ ಇಲ್ಲ. ಅಷ್ಟೂ ಮಳೆ ಹನ್ನೆರಡು ತಿಂಗಳಿಗೂ ಹಂಚಿಹೋಗುತ್ತದೆ. ಪೂರಾ ಒಣಗಿದ ತಿಂಗಳೆಂಬುದು ಅಲ್ಲಿ ಅಪರೂಪ.

ಇನ್ನು ‘ಅಸ್ಥಿರ’ ಅಂದರೆ ಏನು? ಉತ್ತರ ಧ್ರುವದ ಕಡೆಯ ತಣ್ಣನೆಯ ಗಾಳಿಯೂ ದಕ್ಷಿಣದ ಬೆಚ್ಚನೆಯ ಗಾಳಿಯೂ ಎದುರಾಗುವ ಗಡಿ ಅಟ್ಲಾಂಟಿಕ್ ಸಾಗರದ ಮೇಲೆ ಹಾದುಹೋಗುತ್ತದೆ. ಆ ಗಡಿಯುದ್ದಕ್ಕೂ ವಾಯುಭಾರ ಕುಸಿತಗಳು ಹುಟ್ಟಿ, ಮೇಲಿನ ಜೆಟ್ ಗಾಳಿಯ ಜೊತೆ ಒಂದರ ಹಿಂದೊಂದು ಬ್ರಿಟನ್ನಿನತ್ತ ಸಾಗುತ್ತವೆ. ಒಂದು ಕುಸಿತ ದಾಟಲು ಒಂದೆರಡು ದಿನ. ಮುಂಭಾಗದಲ್ಲಿ ಹಿಡಿದ ಮಳೆ, ಹಿಂಭಾಗದಲ್ಲಿ ತಂಪು ಗಾಳಿ ಮತ್ತು ಬಿಟ್ಟು ಬಿಟ್ಟು ಬರುವ ಸುರಿತ, ಅದಾದ ಮೇಲೆ ಸ್ವಲ್ಪ ಬಿಡುವು, ಬೆನ್ನಿಗೇ ಮುಂದಿನದು. ಇಂಥ ಸಾಲು ಎದುರಿಗಿದ್ದಾಗ ಮುನ್ಸೂಚನೆ ಬರೆಯುವವರು ‘ಅಸ್ಥಿರ’ ಎಂದು ಬರೆಯುತ್ತಾರೆ. ವಾರವಿಡೀ ಮಳೆ ಎಂಬ ಅರ್ಥ ಅದಕ್ಕಿಲ್ಲ. ಯಾವ ಹವೆಯೂ ವಾರವಿಡೀ ನಿಲ್ಲುವುದಿಲ್ಲ ಎಂಬುದು ಅದರ ಅರ್ಥ.

ನಾಳೆಯಿಂದ ಮಳೆಯ ಚಿತ್ರ ನೋಡುವ ಮೊದಲು ಗಾಳಿಯ ದಿಕ್ಕು ನೋಡಿ. ಈ ಪತ್ರಗಳಿಗೆಲ್ಲ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಗಾಳಿ ಪಶ್ಚಿಮದಿಂದಲೋ ನೈಋತ್ಯದಿಂದಲೋ ಬಂದರೆ ಪಶ್ಚಿಮ ಹೈಲ್ಯಾಂಡ್ಸ್ ಬೆಟ್ಟಗಳು ಅದರ ನೀರನ್ನು ಮೊದಲೇ ಇಳಿಸಿಕೊಂಡಿರುತ್ತವೆ. ಅಲ್ಲಿ ಕೆಲವು ಕಡೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಕೇರ್ನ್‌ಗಾರ್ಮ್ ಬೆಟ್ಟಸಾಲನ್ನೂ ದಾಟಿ ಅಬರ್ಡೀನ್ ಮುಟ್ಟುವಾಗ ಗಾಳಿ ಹಗುರಾಗಿರುತ್ತದೆ. ಆಗುಂಬೆಯಲ್ಲಿ ಸುರಿದು ಚಿತ್ರದುರ್ಗಕ್ಕೆ ಬರಿ ಮೋಡ ಕಳಿಸುವ ನಮ್ಮ ಘಟ್ಟದ ಲೆಕ್ಕವೇ ಅಲ್ಲೂ ನಡೆಯುತ್ತದೆ. ಗಾಳಿ ಉತ್ತರದಿಂದ ಬಂದರೆ ಕಡಲಂಚಿಗೆ ಚಳಿ, ಬಿಸಿಲು ಮತ್ತು ಸುರಿತ ಸರದಿಯಲ್ಲಿ ಬರುತ್ತವೆ, ಚಳಿಗಾಲವಾದರೆ ಹಿಮವೂ ಬೀಳುತ್ತದೆ. ಪೂರ್ವ ಅಥವಾ ಆಗ್ನೇಯದಿಂದ ಬಂದರೆ ಮಾತ್ರ ಹುಷಾರು. ಅದು ಉತ್ತರ ಸಮುದ್ರದ ತೇವವನ್ನೆಲ್ಲ ಹೊತ್ತು ನೇರ ಊರೊಳಕ್ಕೆ ಬರುತ್ತದೆ, ತಡೆಯಲು ನಡುವೆ ಬೆಟ್ಟವಿಲ್ಲ. 2023ರ ಅಕ್ಟೋಬರಿನಲ್ಲಿ ‘ಬಾಬೆಟ್’ ಬಿರುಗಾಳಿ ಆಗ್ನೇಯದ ಗಾಳಿಯನ್ನೇ ಹಿಡಿದುಕೊಂಡು ಬಂದು ಆಂಗಸ್ ಪ್ರದೇಶದಲ್ಲಿ ದಿನಗಟ್ಟಲೆ ಸುರಿಯಿತು, ಬ್ರೆಖಿನ್ ಪಟ್ಟಣದ ಮನೆಗಳಿಗೆ ಹೊಳೆ ನುಗ್ಗಿತು.

ಒಂದು ಸಣ್ಣ ಸೂಚನೆ. ಬ್ರಿಟನ್ನಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸಿನ ಆ್ಯಪಿನಲ್ಲಿ ಗಾಳಿಯ ಬಾಣ ಗಾಳಿ ಹೋಗುವ ಕಡೆಗೆ ಮುಖ ಮಾಡಿರುತ್ತದೆ, ಪಕ್ಕದ ಅಕ್ಷರಗಳು ಮಾತ್ರ ಅದು ಬರುವ ದಿಕ್ಕನ್ನು ಹೇಳುತ್ತವೆ. ಅಕ್ಷರವನ್ನೇ ನೋಡಿ.

ಹತ್ತು ದಿನದ ಮುನ್ಸೂಚನೆ ನೋಡಿ ಪ್ರವಾಸದ ಟಿಕೆಟ್ ಮಾಡಬಹುದೇ?
— ಎಂ.ಎಸ್‌ಸಿ. ವಿದ್ಯಾರ್ಥಿನಿ, ಅಬರ್ಡೀನ್

ಬೇಡ. ನಾಲ್ಕು ದಿನದವರೆಗೆ ಧಾರಾಳವಾಗಿ ನಂಬಿ. ಇವತ್ತಿನ ನಾಲ್ಕು ದಿನದ ಮುನ್ಸೂಚನೆ ಮೂವತ್ತು ವರ್ಷದ ಹಿಂದಿನ ಒಂದು ದಿನದ ಮುನ್ಸೂಚನೆಯಷ್ಟೇ ನಿಖರ ಎಂದು ಮೆಟ್ ಆಫೀಸ್ ಹೇಳುತ್ತದೆ. ಇದು ದೊಡ್ಡ ಸಾಧನೆ, ಇದಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಂದಿಲ್ಲ ಎಂದೇ ನನ್ನ ಅನಿಸಿಕೆ. ಐದನೆಯ ದಿನದ ಆಚೆಗೆ ‘ಮಂಗಳವಾರ ಮೂರು ಗಂಟೆಗೆ ಮಳೆ’ ಎಂದು ಮೊಬೈಲು ತೋರಿಸಿದರೂ ಅದನ್ನು ಗಂಟೆಯ ಲೆಕ್ಕದಲ್ಲಿ ಓದಬೇಡಿ. ಮೆಟ್ ಆಫೀಸಿನ ಪುಟದಲ್ಲಿ ಮುಂದಿನ ವಾರಗಳ ಬಗ್ಗೆ ಬರಹದ ಟಿಪ್ಪಣಿಯೊಂದಿರುತ್ತದೆ. ಯಾವ ಭಾಗಕ್ಕೆ ಮಳೆ ಹೆಚ್ಚು, ಚಳಿ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ, ಗಾಳಿಯ ಒಲವು ಎತ್ತ ಎಂಬುದನ್ನು ಅದು ಹೇಳುತ್ತದೆ. ದೂರದ ದಿನಗಳಿಗೆ ಅದೇ ಸರಿ. ಅದನ್ನು ಬರೆಯುವ ಮೊದಲು ಕಂಪ್ಯೂಟರಿನಲ್ಲಿ ಒಂದೇ ಲೆಕ್ಕವನ್ನು ಆರಂಭದ ಅಂಕಿಗಳಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿ ಹತ್ತಾರು ಸಲ ಓಡಿಸುತ್ತಾರೆ. ಬಹುಪಾಲು ಒಂದೇ ಕಡೆ ಹೋದರೆ ಟಿಪ್ಪಣಿಯ ದನಿ ಗಟ್ಟಿ, ಚೆದುರಿದರೆ ಮೆತ್ತಗೆ. ‘ಮಳೆಯ ಸಂಭವ 40%’ ಎಂಬುದರ ಹಿಂದೆಯೂ ಇದೇ ಲೆಕ್ಕವಿದೆ. ಇಂಥದೇ ಸನ್ನಿವೇಶ ಹತ್ತು ಸಲ ಬಂದರೆ ನಾಲ್ಕು ಸಲ ಮಳೆಯಾಗುತ್ತದೆ. ಊರಿನ ನೂರರಲ್ಲಿ ನಲವತ್ತು ಭಾಗಕ್ಕೆ ಮಳೆ ಎಂದೋ ದಿನದ ನಲವತ್ತು ಭಾಗ ಮಳೆ ಎಂದೋ ತಿಳಿಯಬೇಡಿ.

ಇನ್‌ವರ್ನೆಸ್‌ನಲ್ಲಿ ನರ್ಸ್ ಆಗಿದ್ದೇನೆ. ರಾತ್ರಿ ಪಾಳಿ ಮುಗಿಸಿ ನಡೆದೇ ಮನೆಗೆ ಹೋಗುತ್ತೇನೆ. ಮೊಬೈಲು 4 ಡಿಗ್ರಿ ಅಂದರೂ ಮೂಳೆ ಕೊರೆಯುತ್ತದೆ. ಇನ್ನೊಂದು ದಿನ, ಅದೂ ಜನವರಿಯಲ್ಲಿ, ಸ್ವೆಟರ್ ತೆಗೆಯುವಷ್ಟು ಸೆಕೆ. ಹಾಸನದಲ್ಲಿ ಚಳಿ ಅಂದರೆ ಚಳಿ, ಇಲ್ಲಿ ಏನೂ ಅರ್ಥವಾಗುವುದಿಲ್ಲ.
— ಹಾಸನದ ಹುಡುಗಿ

ಎರಡೂ ಗಾಳಿಯದೇ ಕೆಲಸ. ನಮ್ಮ ಮೈಯ ಸುತ್ತ ಬೆಚ್ಚನೆಯ ಗಾಳಿಯ ತೆಳು ಪದರವೊಂದಿರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತದೆ. 4 ಡಿಗ್ರಿಯಲ್ಲಿ ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರ್ ವೇಗದ ಗಾಳಿ ಇದ್ದರೆ ಬರಿ ಮುಖಕ್ಕೆ ಅದು ಮೈನಸ್ 2 ಡಿಗ್ರಿಯಂತೆ ತಾಗುತ್ತದೆ. ಆ್ಯಪಿನಲ್ಲಿ ‘ಅನಿಸುವ ಉಷ್ಣತೆ’ ಎಂಬ ಎರಡನೆಯ ಸಾಲು ಇರುವುದು ಇದಕ್ಕೇ. ಆದ್ದರಿಂದ ಒಳಗೆ ಮೂರು ಸ್ವೆಟರ್ ಹೇರುವ ಬದಲು ಹೊರಗೆ ಗಾಳಿ ನುಸುಳದ ಒಂದು ಜಾಕೆಟ್ ಇರಲಿ, ಅದಕ್ಕೆ ಟೋಪಿ ಹೊಲಿದಿರಲಿ. ಕೊಡೆ ಈ ಕರಾವಳಿಯಲ್ಲಿ ಕೆಲಸಕ್ಕೆ ಬಾರದು, ಮೊದಲ ಗಾಳಿಗೇ ಕಡ್ಡಿ ಮುರಿದು ಮಗುಚಿಕೊಳ್ಳುತ್ತದೆ.

ಜನವರಿಯ ಸೆಕೆಯ ಕಥೆ ಇನ್ನೂ ಸ್ವಾರಸ್ಯದ್ದು. ದಕ್ಷಿಣ ಅಥವಾ ನೈಋತ್ಯದ ತೇವದ ಗಾಳಿ ಬೆಟ್ಟ ಹತ್ತುವಾಗ ತಣಿಯುತ್ತದೆ. ಆದರೆ ಹಬೆ ಮೋಡವಾಗುವಾಗ ಬಿಡುವ ಶಾಖದಿಂದ ಆ ತಣಿಯುವಿಕೆ ನಿಧಾನವಾಗುತ್ತದೆ. ಮಳೆ ಸುರಿಸಿ ಒಣಗಿದ ಗಾಳಿ ಆಚೆ ಮಗ್ಗುಲಲ್ಲಿ ಇಳಿಯುವಾಗ ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಬಿಸಿಯೇರುತ್ತದೆ. ಹತ್ತುವಾಗ ಕಳೆದುಕೊಂಡದ್ದಕ್ಕಿಂತ ಇಳಿಯುವಾಗ ಗಳಿಸಿದ್ದು ಹೆಚ್ಚು. ಆಲ್ಪ್ಸ್ ಸೀಮೆಯ ಜನ ಇದಕ್ಕೆ ಫೋನ್ ಗಾಳಿ ಅನ್ನುತ್ತಾರೆ. 2024ರ ಜನವರಿ 28ರಂದು ಸದರ್‌ಲ್ಯಾಂಡ್ ಸೀಮೆಯ ಆಖ್‌ಫರಿ ಎಂಬ ಹಳ್ಳಿಯಲ್ಲಿ 19.9 ಡಿಗ್ರಿ ದಾಖಲಾದದ್ದು ಹೀಗೆಯೇ. ಬ್ರಿಟನ್ನಿನಲ್ಲಿ ಜನವರಿಯ ಮಟ್ಟಿಗೆ ಅದಕ್ಕಿಂತ ಮೇಲೆ ಎಂದೂ ಹೋದದ್ದಿಲ್ಲ. ಅದೇ ಸದರ್‌ಲ್ಯಾಂಡಿನ ಆಲ್ಟ್‌ನಹಾರದಲ್ಲಿ 1995ರ ಡಿಸೆಂಬರ್ 30ರಂದು ಪಾದರಸ ಮೈನಸ್ 27.2ಕ್ಕೆ ಇಳಿದಿತ್ತು. ಅಂದು ಗಾಳಿಯೇ ಇರಲಿಲ್ಲ. ಹಿಮ ಹಾಸಿದ ಕಣಿವೆ, ಮೋಡವಿಲ್ಲದ ರಾತ್ರಿ, ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗಿ ತಣ್ಣನೆಯ ಗಾಳಿ ತಗ್ಗಿನಲ್ಲಿ ಮಡುಗಟ್ಟಿ ನಿಂತಿತ್ತು.

ನಿಮಗೆ ನಿಜವಾದ ಅಪಾಯ ಇರುವುದು ಈ ಎರಡನೆಯ ಬಗೆಯ ರಾತ್ರಿಯಲ್ಲಿ. ಸಂಜೆ ಮಳೆ ಬಂದು, ಆಮೇಲೆ ಆಕಾಶ ತಿಳಿಯಾಗಿ, ಗಾಳಿ ನಿಂತರೆ ಬೆಳಗಿನ ಜಾವಕ್ಕೆ ಕಾಲುದಾರಿಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಕೂತಿರುತ್ತದೆ. ಪಾಳಿ ಮುಗಿಸಿ ದಣಿದ ಕಾಲು ಜಾರುವುದು ಆಗಲೇ. ಅಂಥ ಬೆಳಿಗ್ಗೆ ನಡೆಯಬೇಡಿ, ಬಸ್ಸು ಹಿಡಿಯಿರಿ.

ಮೇ ತಿಂಗಳಲ್ಲಿ ಮಗಳ ಮನೆಗೆ, ಅಬರ್ಡೀನ್‌ಗೆ ಹೊರಟಿದ್ದೇವೆ. ಮೇ ಅಂದರೆ ಅವರಿಗೆ ಬೇಸಿಗೆ ಬಂದಂತೆಯೇ ಅಲ್ಲವೇ? ಆದರೂ ಮಗಳು ಸ್ವೆಟರ್ ಮರೆಯಬೇಡಿ ಅಂತಾಳೆ. ‘ಹಾರ್’ ಬಂದರೆ ಏನೂ ಕಾಣಿಸುವುದಿಲ್ಲವಂತೆ. ಏನದು?
— ನಿವೃತ್ತ ಶಿಕ್ಷಕರು, ಧಾರವಾಡ

ಮಗಳ ಮಾತು ಕೇಳಿ. ‘ಹಾರ್’ ಎಂಬುದು ಆ ಕರಾವಳಿಯವರು ಕಡಲ ಮಂಜಿಗೆ ಇಟ್ಟ ಹೆಸರು. ಉತ್ತರ ಸಮುದ್ರದ ನೀರು ಬಿಸಿಯೇರುವುದು ಬಹಳ ನಿಧಾನ. ಅಬರ್ಡೀನ್‌ನ ಎದುರಿನ ನೀರು ಮಾರ್ಚಿನಲ್ಲಿ 6 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಆಗಸ್ಟಿನಲ್ಲೂ ಹದಿನಾಲ್ಕರ ಆಚೆ ಹೋಗುವುದು ಕಷ್ಟ. ಮೇ ತಿಂಗಳಲ್ಲಿ ಯುರೋಪಿನ ನೆಲ ಆಗಲೇ ಕಾದಿರುತ್ತದೆ. ಅಲ್ಲಿಂದ ಪೂರ್ವದ ಗಾಳಿಯೊಂದು ಹೊರಟು, ಆ ತಣ್ಣನೆಯ ನೀರಿನ ಮೇಲೆ ಹಾಯುತ್ತ ಹಾಯುತ್ತ ತಳದಿಂದ ತಣಿದು, ತನ್ನಲ್ಲಿದ್ದ ಹಬೆಯನ್ನು ಹಿಡಿದಿಡಲಾರದೆ ಮಂಜಾಗುತ್ತದೆ. ಆಮೇಲೆ ಬಂದರಿನೊಳಕ್ಕೆ, ಬೀದಿಗಳೊಳಕ್ಕೆ ಬಂದು ಕೂಡುತ್ತದೆ.

ಇದರ ವಿಚಿತ್ರ ಏನೆಂದರೆ ಅದು ಕಡಲಂಚಿನ ಪಟ್ಟಿಗೆ ಸೀಮಿತ. ಕಡಲ ದಂಡೆಯ ಬೀದಿಯಲ್ಲಿ 9 ಡಿಗ್ರಿ, ಎದುರು ಮನೆಯ ಹಂಚು ಕಾಣದಷ್ಟು ಮಂಜು, ಕೂದಲ ಮೇಲೆಲ್ಲ ಸಣ್ಣ ಹನಿ. ಅದೇ ಹೊತ್ತಿನಲ್ಲಿ ಡೀ ನದಿಯ ಕಣಿವೆಗುಂಟ ಮೂವತ್ತು ಕಿಲೋಮೀಟರ್ ಒಳಗೆ ಹೋದರೆ 20 ಡಿಗ್ರಿ ಬಿಸಿಲು, ಜನ ಅಂಗಳದಲ್ಲಿ ಕುಳಿತು ಚಹಾ ಕುಡಿಯುತ್ತಿರುತ್ತಾರೆ. ಬಿಸಿಲೇರಿದಂತೆ ನೆಲ ಕಾದು ಮಂಜು ಕಡಲಿನತ್ತ ಹಿಂಜರಿಯುತ್ತದೆ, ಸಂಜೆ ತಣಿಯುತ್ತಲೇ ಮತ್ತೆ ಒಳಗೆ ಬರುತ್ತದೆ. ಗಾಳಿ ಪೂರ್ವದ್ದಾಗಿದ್ದರೆ ಮಗಳಿಗೆ ಹೇಳಿ ಒಳನಾಡಿನ ಕಡೆ, ಬ್ಯಾಂಕರಿ, ಬ್ಯಾಲಟರ್ ಊರುಗಳತ್ತ ಹೊರಡಿ. ಪಶ್ಚಿಮದ್ದಾಗಿದ್ದರೆ ಅಂದು ಕಡಲು ನೋಡಿ, ನೀಲಿಯಾಗಿರುತ್ತದೆ. ಮೇ ಕೊನೆಯ ಹೊತ್ತಿಗೆ ರಾತ್ರಿ ಒಂಬತ್ತೂವರೆಗೂ ಸೂರ್ಯ ಇರುತ್ತಾನೆ, ಬೆಳಿಗ್ಗೆ ತಡವಾಯಿತೆಂದು ಬೇಸರ ಬೇಡ. ಮಲಗುವ ಕೋಣೆಗೆ ದಪ್ಪ ಪರದೆ ಇದೆಯೇ ಎಂದು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ.

ಸಮುದ್ರದ ನಡುವಿನ ತೈಲ ವೇದಿಕೆಯಲ್ಲಿ ಕೆಲಸ. ಅಬರ್ಡೀನ್‌ನಿಂದ ಹೆಲಿಕಾಪ್ಟರಿನಲ್ಲಿ ಹೋಗಬೇಕು. ಬಿರುಗಾಳಿಯ ದಿನ ರದ್ದಾದರೆ ಸರಿ. ಮರುದಿನ ಒಳ್ಳೆಯ ಬಿಸಿಲಿದ್ದರೂ ಕೂರಿಸುತ್ತಾರೆ!
— ಮೆಕ್ಯಾನಿಕಲ್ ಎಂಜಿನಿಯರ್, ಮಂಗಳೂರು ಮೂಲ

ನಿಮ್ಮನ್ನು ಕೂರಿಸಿದ್ದು ಆಕಾಶ ಅಲ್ಲ, ಅಲೆ. ಗಾಳಿ ನಿಂತ ಮೇಲೂ ಅದು ಎಬ್ಬಿಸಿದ ಅಲೆ ಒಂದೆರಡು ದಿನ ತಗ್ಗುವುದಿಲ್ಲ. ಹೆಲಿಕಾಪ್ಟರ್ ನೀರಿಗೆ ಇಳಿಯಬೇಕಾಗಿ ಬಂದರೆ ಅದು ಮಗುಚದೆ ತೇಲಬೇಕು, ಒಳಗಿದ್ದವರನ್ನು ಎತ್ತಿಕೊಳ್ಳಲು ಆಗಬೇಕು. ಸರಣಿ ಅಪಘಾತಗಳ ನಂತರ 2014ರಲ್ಲಿ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ, ಕಡಲಿನ ಸ್ಥಿತಿ 6ನೇ ಮಟ್ಟವನ್ನು ಮೀರಿದರೆ ಹಾರಾಟ ಕೂಡದು ಎಂದು ಕಟ್ಟುಮಾಡಿತು. 6ನೇ ಮಟ್ಟ ಎಂದರೆ ನಾಲ್ಕರಿಂದ ಆರು ಮೀಟರಿನ ಅಲೆ. ಕಾಯುವುದು ಬೇಸರವೇ. ಆದರೂ ಜೀವ ಕಾಯಲು ಬರೆದ ನಿಯಮ ಇದು, ಮನಸ್ಸಿಟ್ಟು ಕಾಯಿರಿ. ಹೊರಡುವ ಹಿಂದಿನ ದಿನ ಗಾಳಿಯ ಜೊತೆಗೆ ಅಲೆಯ ಎತ್ತರವನ್ನೂ ನೋಡಿದರೆ ಮನೆಗೆ ಮೊದಲೇ ಹೇಳಿಡಬಹುದು. ವಸಂತದಲ್ಲಾದರೆ ಮೇಲೆ ಹೇಳಿದ ಹಾರ್ ಕೂಡ ಹಾರಾಟ ನಿಲ್ಲಿಸುತ್ತದೆ.

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ದಡದಲ್ಲಿರುತ್ತದೆ. ಆ ಉತ್ತರದ ಕಡಲು ವರ್ಷವಿಡೀ ಕೆಟ್ಟದ್ದು ಅಂತಾರೆ. ಅಲ್ಲಿಯ ಮೀನುಗಾರರು ಯಾವ ಧೈರ್ಯದಲ್ಲಿ ಹೋಗುತ್ತಾರೆ? ಅವರಿಗೆ ಮುನ್ಸೂಚನೆ ಹೇಗೆ ತಲುಪುತ್ತದೆ?
— ಬೋಟಿನ ತಾಂಡೇಲರು, ಮಲ್ಪೆ

ಈ ಪತ್ರಕ್ಕೆ ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ. ಇಂದು ನಾವು ಮೊಬೈಲಿನಲ್ಲಿ ನೋಡುವ ಮುನ್ಸೂಚನೆ ಹುಟ್ಟಿದ್ದೇ ನಿಮ್ಮಂಥವರ ಸಾವುನೋವಿನಿಂದ.

1848ರ ಆಗಸ್ಟಿನಲ್ಲಿ ಮರ್ರೀ ಫರ್ತ್ ಮತ್ತು ಸುತ್ತಲಿನ ಕರಾವಳಿಯಿಂದ ಹೆರಿಂಗ್ ಮೀನಿಗೆ ಹೋದ ದೋಣಿಗಳ ಮೇಲೆ ರಾತ್ರೋರಾತ್ರಿ ಬಿರುಗಾಳಿ ಎರಗಿತು. ಸತ್ತವರು ನೂರು ಮಂದಿ, ಹೋದ ದೋಣಿ ನೂರಕ್ಕೂ ಹೆಚ್ಚು. ಎಲ್ಲವೂ ಮೇಲೆ ಅಟ್ಟಣಿಗೆ ಇಲ್ಲದ ತೆರೆದ ದೋಣಿಗಳು. ಬಂದರುಗಳೋ, ಇಳಿತದ ಹೊತ್ತಿನಲ್ಲಿ ಒಳಗೆ ನುಗ್ಗಲಾಗದಷ್ಟು ಆಳವಿಲ್ಲದವು. ಮರುವರ್ಷ, ದುರಂತದ ತನಿಖೆ ನಡೆಸಿದ ಕ್ಯಾಪ್ಟನ್ ವಾಷಿಂಗ್ಟನ್ ಸಲ್ಲಿಸಿದ ವರದಿ ಬಂದರು ಆಳ ಮಾಡಿ, ದೋಣಿಗೆ ಅಟ್ಟಣಿಗೆ ಹಾಕಿ ಎಂದಿತು. 1859ರ ಅಕ್ಟೋಬರಿನಲ್ಲಿ ವೇಲ್ಸ್ ತೀರದಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಸುಮಾರು 450 ಜನ ಸತ್ತರು. ಆಗ ಸರ್ಕಾರದ ಹವಾಮಾನ ಕಚೇರಿಯ ಮುಖ್ಯಸ್ಥರಾಗಿದ್ದವರು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಲೋಕ ಸುತ್ತಿದ ‘ಬೀಗಲ್’ ಹಡಗಿನ ಕ್ಯಾಪ್ಟನ್ ಇವರೇ. ಆಗ ತಾನೇ ಬಂದಿದ್ದ ಟೆಲಿಗ್ರಾಫಿನಿಂದ ದೂರದೂರದ ಊರುಗಳ ವಾಯುಭಾರ ಒಂದೇ ಹೊತ್ತಿಗೆ ಕೈಗೆ ಸಿಗುತ್ತದಲ್ಲ, ಅದರಿಂದ ಬಿರುಗಾಳಿ ಎತ್ತ ಹೊರಟಿದೆ ಎಂದು ಮುಂಚೆಯೇ ಹೇಳಬಹುದು ಎಂಬುದನ್ನು ಕಂಡುಕೊಂಡು, 1861ರ ಫೆಬ್ರವರಿಯಲ್ಲಿ ಬಂದರುಗಳಿಗೆ ಎಚ್ಚರಿಕೆ ಕಳಿಸತೊಡಗಿದರು. ದಡದ ಕಂಬಕ್ಕೆ ಶಂಕುವಿನಾಕಾರದ, ಡೋಲಿನಾಕಾರದ ಗುರುತು ಏರಿಸುತ್ತಿದ್ದರು. ಮಲ್ಪೆಯಲ್ಲಿ, ಮಂಗಳೂರಿನಲ್ಲಿ ಇಂದಿಗೂ ‘3ನೇ ನಂಬರಿನ ಸಿಗ್ನಲ್ ಹಾಕಿದ್ದಾರೆ’ ಎನ್ನುತ್ತೀರಲ್ಲ, ಅದೂ ಇದೇ ಬಗೆಯ ಏರ್ಪಾಡು. ಫಿಟ್ಜ್‌ರಾಯ್ 1865ರಲ್ಲಿ ತೀರಿಕೊಂಡರು. ಮರುವರ್ಷ, ಇದಕ್ಕೆ ಶಾಸ್ತ್ರೀಯ ಆಧಾರ ಸಾಲದು ಎಂದು ವಿದ್ವಾಂಸರು ಎಚ್ಚರಿಕೆಗಳನ್ನು ನಿಲ್ಲಿಸಿಬಿಟ್ಟರು. ಕರಾವಳಿಯ ಜನ ಬಿಡಲಿಲ್ಲ, 1867ರಲ್ಲಿ ಮತ್ತೆ ಶುರುವಾಯಿತು. ಪೂರ್ತಿ ಸರಿಯಲ್ಲದ ಎಚ್ಚರಿಕೆಯೂ ಜೀವ ಉಳಿಸುತ್ತದೆ ಎಂಬುದು ವಿದ್ವಾಂಸರಿಗಿಂತ ಕಡಲಿಗೆ ಇಳಿಯುವವರಿಗೆ ಚೆನ್ನಾಗಿ ಗೊತ್ತಿತ್ತು.

ಎಚ್ಚರಿಕೆ ಇದ್ದರೆ ಮಾತ್ರ ಸಾಲದು ಎಂಬುದಕ್ಕೂ ಆ ದೇಶದ ಕರಾವಳಿಯಲ್ಲಿ ಸಾಕ್ಷಿ ಇದೆ. 1881ರ ಅಕ್ಟೋಬರ್ 14ರ ಬೆಳಿಗ್ಗೆ ಸ್ಕಾಟ್‌ಲೆಂಡಿನ ಆಗ್ನೇಯ ಮೂಲೆಯ ಐಮೌತ್‌ನಲ್ಲಿ ಬಂದರಿನ ಬ್ಯಾರೋಮೀಟರ್ ತೀರಾ ಕೆಳಗಿಳಿದಿತ್ತು. ಆಕಾಶ ಮಾತ್ರ ಶಾಂತ. ಕೆಟ್ಟ ಹವೆಯಿಂದ ದಿನಗಟ್ಟಲೆ ದಡದಲ್ಲೇ ಕೂತು ಕೈ ಬರಿದಾಗಿದ್ದವರು ಹೊರಟೇಬಿಟ್ಟರು. ಆ ದಿನ ಆ ಕರಾವಳಿಯ 189 ಮೀನುಗಾರರು ಹೋದರು, ಹಲವರು ಹೆಂಡತಿ ಮಕ್ಕಳು ದಡದಲ್ಲಿ ನಿಂತು ನೋಡುತ್ತಿದ್ದಂತೆಯೇ. ಉಪಕರಣ ಸುಳ್ಳು ಹೇಳಿರಲಿಲ್ಲ, ಮನೆಯ ಒಲೆ ಅವರನ್ನು ಕಳಿಸಿತ್ತು. ಈ ಒತ್ತಡ ನಿಮಗೆ ನಾನು ವಿವರಿಸಬೇಕಾದ್ದಲ್ಲ. ನಮ್ಮಲ್ಲಿ 2017ರ ನವೆಂಬರ್ ಕೊನೆಯಲ್ಲಿ ಬಂದ ಓಖಿ ಚಂಡಮಾರುತದಲ್ಲಿ ಇನ್ನೊಂದು ಬಗೆ ಕಂಡೆವು. ಎಚ್ಚರಿಕೆ ಹೊರಡುವ ಮುಂಚೆಯೇ ಆಳಸಮುದ್ರ ಸೇರಿದ್ದ ಕೇರಳ, ತಮಿಳುನಾಡಿನ ಬೋಟುಗಳಿಗೆ ಸುದ್ದಿ ಮುಟ್ಟಲೇ ಇಲ್ಲ.

ಈಗ ನಿಮ್ಮ ಪ್ರಶ್ನೆ. ಪೀಟರ್‌ಹೆಡ್ ಇಂದು ಬ್ರಿಟನ್ನಿನ ಅತಿ ದೊಡ್ಡ ಮೀನುಗಾರಿಕೆ ಬಂದರು. ನಮ್ಮಂತೆ ಮಳೆಗಾಲದಲ್ಲಿ ಬೋಟು ದಡಕ್ಕೆಳೆಯುವ ಕ್ರಮ ಅಲ್ಲಿಲ್ಲ. ಎರಡು ಕುಸಿತಗಳ ನಡುವಿನ ಬಿಡುವನ್ನು ನೋಡಿ ಹೋಗುತ್ತಾರೆ, ಹಡಗುಗಳು ದೊಡ್ಡವು, ಅಟ್ಟಣಿಗೆ ಮುಚ್ಚಿದವು. ಬ್ರಿಟನ್ನಿನ ಸುತ್ತಲ ಕಡಲನ್ನು 31 ಭಾಗ ಮಾಡಿ ಪ್ರತಿ ಭಾಗಕ್ಕೂ ಹೆಸರಿಟ್ಟಿದ್ದಾರೆ. ಈ ಕರಾವಳಿಯ ಎದುರಿನವು ಕ್ರಾಮರ್ಟಿ, ಫೋರ್ತ್, ಫೋರ್ಟೀಸ್, ಫೇರ್ ಐಲ್. ಪ್ರತಿಯೊಂದಕ್ಕೂ ಗಾಳಿಯ ದಿಕ್ಕು, ಬಲ, ಅಲೆ, ಮಳೆ, ಎಷ್ಟು ದೂರ ಕಣ್ಣು ಕಾಣುತ್ತದೆ ಎಂಬುದನ್ನು ಕೆಲವೇ ಪದಗಳಲ್ಲಿ ಬಿಬಿಸಿ ರೇಡಿಯೋ ಓದಿ ಹೇಳುತ್ತದೆ. ಗಮನಿಸಿ, ಮೊದಲು ಬರುವುದು ಗಾಳಿಯ ದಿಕ್ಕು. ಬಿರುಗಾಳಿಯ ಎಚ್ಚರಿಕೆಯಲ್ಲಿ ಬಳಸುವ ಪದಗಳಿಗೂ ಗಡಿಯಾರದ ಲೆಕ್ಕವಿದೆ. ‘ಇನ್ನೇನು ಬಂತು’ ಎಂದರೆ ಆರು ಗಂಟೆಯೊಳಗೆ, ‘ಬೇಗ’ ಎಂದರೆ ಆರರಿಂದ ಹನ್ನೆರಡು ಗಂಟೆ, ‘ಆಮೇಲೆ’ ಎಂದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ. ಬಲೆ ಎಳೆದುಕೊಂಡು ವಾಪಸಾಗಲು ಎಷ್ಟು ಹೊತ್ತು ಇದೆ ಎಂಬುದು ಒಂದೇ ಪದದಲ್ಲಿ ತಿಳಿಯುತ್ತದೆ. ನಮ್ಮ ಎಚ್ಚರಿಕೆಗಳಲ್ಲೂ ಇಷ್ಟು ಖಚಿತವಾದ ಪದಗಳು ಕನ್ನಡ, ತುಳು, ಕೊಂಕಣಿಯಲ್ಲಿ ರೂಢಿಗೆ ಬರಬೇಕು ಎಂಬುದು ನನ್ನ ಬಲವಾದ ಆಸೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನಿಮ್ಮ ಕಡಲಿನ ಅಲೆಯ ಮುನ್ಸೂಚನೆ ಕೊಡುತ್ತಿದೆ, ಬಿಡದೆ ನೋಡಿ.

ಅಲ್ಲಿ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಎಂದರೆ ನಮ್ಮ ಆರೆಂಜ್, ರೆಡ್ ಅಲರ್ಟ್‌ನಂತೆಯೇ? ತಮ್ಮ ಅಲ್ಲಿದ್ದಾನೆ, ಹಳದಿ ಕಂಡರೂ ಗಾಬರಿಯಾಗುತ್ತದೆ.
— ಕಾಲೇಜು ಉಪನ್ಯಾಸಕಿ, ಉಡುಪಿ

ಬಣ್ಣಗಳ ಏರಿಕೆ ಹೆಚ್ಚುಕಡಿಮೆ ಒಂದೇ. ಆದರೆ ಅಲ್ಲಿಯ ಬಣ್ಣಕ್ಕೆ ಎರಡು ಅಳತೆ ಸೇರಿರುತ್ತದೆ. ಒಂದು, ಆಗುವ ಸಂಭವ ಎಷ್ಟು. ಎರಡು, ಆದರೆ ಹಾನಿ ಎಷ್ಟು. ಹಾಗಾಗಿ ಎರಡು ಹಳದಿಗಳ ನಡುವೆ ಬಹಳ ವ್ಯತ್ಯಾಸವಿರಬಹುದು. ಸಣ್ಣ ತೊಂದರೆ ಖಂಡಿತ ಎಂಬುದಕ್ಕೂ ಹಳದಿ, ದೊಡ್ಡ ಅನಾಹುತ ಆಗಬಹುದು ಆದರೆ ಸಂಭವ ಕಡಿಮೆ ಎಂಬುದಕ್ಕೂ ಹಳದಿ. ಎಚ್ಚರಿಕೆಯ ಪುಟದಲ್ಲಿ ನಾಲ್ಕಕ್ಕೆ ನಾಲ್ಕು ಚೌಕಗಳ ಒಂದು ಪಟ್ಟಿ ಇರುತ್ತದೆ, ಯಾವ ಚೌಕದಲ್ಲಿ ಗುರುತು ಹಾಕಿದ್ದಾರೆ ಎಂಬುದನ್ನು ನೋಡಿ. ಗುರುತು ಹಾನಿ ಹೆಚ್ಚಿರುವ ಕಡೆ ಇದ್ದರೆ ಬಣ್ಣ ಹಳದಿಯೇ ಆದರೂ ತಮ್ಮನಿಗೆ ಫೋನ್ ಮಾಡಿ.

ಬಣ್ಣದ ಜೊತೆ ಇಲ್ಲೂ ದಿಕ್ಕು ನೋಡಬೇಕು. ಆ ಕರಾವಳಿಗೆ ಜೋರು ಗಾಳಿ ಹೊಸದೇನಲ್ಲ. ಫ್ರೇಜರ್‌ಬರ್ಗ್‌ನಲ್ಲಿ 1989ರ ಫೆಬ್ರವರಿ 13ರಂದು ಗಂಟೆಗೆ 142 ಮೈಲಿ, ಅಂದರೆ ಸುಮಾರು 229 ಕಿಲೋಮೀಟರ್ ವೇಗದ ಗಾಳಿ ಬೀಸಿತ್ತು. ಬೆಟ್ಟದ ತುದಿಗಳನ್ನು ಬಿಟ್ಟರೆ ಬ್ರಿಟನ್ನಿನ ದಾಖಲೆ ಅದು. ಅದಕ್ಕಿಂತ ಎಷ್ಟೋ ಕಡಿಮೆ ವೇಗದ ‘ಆರ್ವೆನ್’ ಬಿರುಗಾಳಿ 2021ರ ನವೆಂಬರ್ 26ರ ರಾತ್ರಿ ಹೆಚ್ಚು ಹಾನಿ ಮಾಡಿತು. ಅಲ್ಲಿಯ ಮರಗಳು ಹುಟ್ಟಿದಂದಿನಿಂದ ಪಶ್ಚಿಮ, ನೈಋತ್ಯದ ಗಾಳಿಗೆ ಎದುರು ನಿಂತು ಬೇರನ್ನು ಅದಕ್ಕೆ ತಕ್ಕಂತೆ ಬಿಟ್ಟುಕೊಂಡಿರುತ್ತವೆ. ಆರ್ವೆನ್ ಬಂದದ್ದು ಉತ್ತರ, ಈಶಾನ್ಯದಿಂದ. ಲಕ್ಷಾಂತರ ಮರ ಬೇರುಸಮೇತ ಉರುಳಿದವು, ವಿದ್ಯುತ್ ತಂತಿಗಳ ಮೇಲೆ ಬಿದ್ದವು. ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟು ಹೋಯಿತು, ಅಬರ್ಡೀನ್‌ಶೈರಿನ ಕೆಲವು ಹಳ್ಳಿಗಳಲ್ಲಿ ವಾರವಾದರೂ ಬರಲಿಲ್ಲ. ಅಲ್ಲಿ ಮನೆ ಬಿಸಿಯಾಗಲು ಕರೆಂಟು ಬೇಕು, ಗ್ಯಾಸಿನ ಬಾಯ್ಲರ್ ಇದ್ದರೂ ಅದನ್ನು ಹೊತ್ತಿಸಲು ಬೇಕು. ತಮ್ಮನ ಬಳಿ ಟಾರ್ಚು, ಚಾರ್ಜ್ ತುಂಬಿದ ಪವರ್‌ಬ್ಯಾಂಕ್, ದಪ್ಪ ರಜಾಯಿ, ಒಲೆ ಹಚ್ಚದೆ ತಿನ್ನಬಹುದಾದ ಎರಡು ದಿನದ ತಿಂಡಿ ಇದೆಯೇ ಎಂದು ಕೇಳಿ. ಗಾಳಿ ಉತ್ತರ ಅಥವಾ ಪೂರ್ವದಿಂದ ಎಂದಿದ್ದರೆ ಮರಗಳ ಕೆಳಗೆ ನಡೆಯಬೇಡ, ಕಾರು ನಿಲ್ಲಿಸಬೇಡ ಅನ್ನಿ.

ನಾವು ನಾಲ್ಕು ಜನ ಒಂದು ಬಾಡಿಗೆ ಮನೆಯಲ್ಲಿದ್ದೇವೆ. ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು. ಹೊರಗೆ ಯಾವಾಗಲೂ ತೇವ, ಕಿಟಕಿ ತೆಗೆದರೆ ಇನ್ನೂ ಹಾಳು ಅಂತ ಮುಚ್ಚಿಟ್ಟಿದ್ದೇವೆ.
— ತೀರ್ಥಹಳ್ಳಿಯ ವಿದ್ಯಾರ್ಥಿ, ಅಬರ್ಡೀನ್

ಕಿಟಕಿ ತೆಗೆಯಿರಿ. ಮಲೆನಾಡಿನ ಮಳೆಗಾಲದಲ್ಲಿ ಹೊರಗೂ ಒಳಗೂ ಹೆಚ್ಚುಕಡಿಮೆ ಒಂದೇ ಉಷ್ಣತೆ, ಎರಡೂ ಕಡೆ ಗಾಳಿ ನೀರಿನಿಂದ ತುಂಬಿರುತ್ತದೆ. ಅಲ್ಲಿ ಕಿಟಕಿ ತೆಗೆದು ಪ್ರಯೋಜನವಿಲ್ಲ, ಒಲೆಯ ಮೇಲೆ ಹಗ್ಗ ಕಟ್ಟಿಯೇ ಒಣಗಿಸಬೇಕು. ಅಬರ್ಡೀನ್‌ನ ಚಳಿಗಾಲದ ಲೆಕ್ಕ ಬೇರೆ. ಹೊರಗೆ 5 ಡಿಗ್ರಿ ಇದ್ದಾಗ, ಮಳೆ ಬರುತ್ತಿದ್ದರೂ, ಒಂದು ಘನ ಮೀಟರ್ ಗಾಳಿಯಲ್ಲಿ ಹಿಡಿಯುವ ನೀರು ಹೆಚ್ಚೆಂದರೆ 7 ಗ್ರಾಂ. ಅದೇ ಗಾಳಿ ನಿಮ್ಮ ಕೋಣೆಗೆ ಬಂದು 20 ಡಿಗ್ರಿಗೆ ಬಿಸಿಯಾದರೆ 17 ಗ್ರಾಂ ಹಿಡಿಯಬಲ್ಲದು. ಅಂದರೆ ಅದರ ತೇವ ನೂರರಿಂದ ನಲವತ್ತಕ್ಕೆ ಇಳಿಯಿತು. ಹೊರಗಿನ ‘ಒದ್ದೆ’ ಗಾಳಿ ಒಳಗೆ ಬಂದರೆ ಬಟ್ಟೆ ಒಣಗಿಸುವ ಗಾಳಿ. ನಿಮ್ಮ ಗೋಡೆಯ ಬೂಷ್ಟಿಗೆ ಕಾರಣ ಮಳೆಯಲ್ಲ. ನಾಲ್ಕು ಜನರ ಉಸಿರು, ಅನ್ನದ ಹಬೆ, ಸ್ನಾನದ ಹಬೆ, ಹೀಟರಿನ ಮೇಲೆ ಹರವಿದ ಬಟ್ಟೆ, ಇದೆಲ್ಲ ಹೊರಗೆ ಹೋಗಲಾರದೆ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕೂರುತ್ತದೆ.

ಬೆಳಿಗ್ಗೆ ಎದ್ದ ಕೂಡಲೆ ಎದುರುಬದುರಿನ ಎರಡು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆಗೆದಿಡಿ, ಗೋಡೆ ತಣಿಯುವಷ್ಟು ಹೊತ್ತು ಬೇಡ. ಅಡುಗೆ ಮಾಡುವಾಗ ಬಾಗಿಲು ಮುಚ್ಚಿ ಫ್ಯಾನ್ ಹಾಕಿ, ಕುಕ್ಕರ್ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಓಡಲಿ. ಮಂಚ, ಕಪಾಟುಗಳನ್ನು ಹೊರಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಬಟ್ಟೆ ಒಗೆಯುವ ದಿನವನ್ನು ಗಾಳಿ ನೋಡಿ ಇಟ್ಟುಕೊಳ್ಳಿ. ಪಶ್ಚಿಮದ ಗಾಳಿ ಬೀಸುತ್ತಿದ್ದರೆ 8 ಡಿಗ್ರಿಯಲ್ಲೂ ಹಿತ್ತಿಲ ಹಗ್ಗದ ಮೇಲೆ ಮಧ್ಯಾಹ್ನದೊಳಗೆ ಒಣಗುತ್ತದೆ, ಕ್ಲಿಪ್ಪುಗಳನ್ನು ಮಾತ್ರ ಗಟ್ಟಿಯಾಗಿ ಹಾಕಿ. ಪೂರ್ವದ ಗಾಳಿಯ ದಿನ ಒಗೆಯಲೇಬೇಡಿ. ಇಷ್ಟಾದರೂ ಬೂಷ್ಟು ನಿಲ್ಲದಿದ್ದರೆ ಗೋಡೆಯದೋ ಮಾಡಿನದೋ ದೋಷವಿರಬಹುದು. ಫೋಟೋ ತೆಗೆದು ತಾರೀಖು ಸಮೇತ ಮನೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಸರಿಪಡಿಸಿಕೊಡುವುದು ಅವರ ಹೊಣೆ.